ಪ್ರತೀಕಾರವಿಲ್ಲದ ರೋಗ ಯಾವುದು? ಕೋಲಾರದ ಚಿನ್ನದ ಗಣಿ ಮತ್ತು ಅರಿವಳಿಕೆಯ ಚರಿತ್ರೆ

ಮನೆಯ ಹಿರಿಯರೊಬ್ಬರಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದೊಡನೆ ನಮ್ಮ ಕುಟುಂಬಗಳಲ್ಲಿ ಏಳುವ ಮೊದಲ ಪ್ರಶ್ನೆ ವೈದ್ಯರ ಕತ್ತಿಯನ್ನು ಕುರಿತದ್ದಾಗಿರುವುದಿಲ್ಲ. "ಈ ವಯಸ್ಸಿನಲ್ಲಿ, ಇಂಥ ಹೃದಯವನ್ನಿಟ್ಟುಕೊಂಡು, ಇವರು ಅರಿವಳಿಕೆಯನ್ನು ತಡೆದುಕೊಂಡಾರೆಯೇ?" ಎಂದೇ ಎಲ್ಲರೂ ಕೇಳುತ್ತಾರೆ. ಅದರ ಬೆನ್ನಿಗೇ ಯಾರಾದರೊಬ್ಬರು, "ಏಕೆ ಈ ಹಿಂಸೆ? ಇದ್ದಷ್ಟು ದಿನ ಶಾಂತವಾಗಿ ಇರಲಿ ಬಿಡಿ. ನಮ್ಮ ಧರ್ಮದಲ್ಲಿ ಸಲ್ಲೇಖನದ ಮಾರ್ಗವಿಲ್ಲವೇ?" ಎನ್ನುತ್ತಾರೆ. ಭಕ್ತಿಯಿಂದ ಆಡಿದ ಮಾತೇ ಅದು. ಆದರೆ ಆ ಮಾತನ್ನಾಡುವ ಮೊದಲು ತಿಳಿದಿರಬೇಕಾದ ಒಂದು ಸಂಗತಿಯುಂಟು.

ಸಲ್ಲೇಖನಕ್ಕೆ ಯಾವ ಸಂದರ್ಭಗಳು ಯೋಗ್ಯವೆಂಬುದನ್ನು ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ನಿರೂಪಿಸಿದ್ದಾರೆ. ಉಪಸರ್ಗ, ದುರ್ಭಿಕ್ಷ, ಮುಪ್ಪು ಹಾಗೂ ರೋಗ ಎಂಬವು ಆ ಸಂದರ್ಭಗಳು. ಇವು ಬರಿದೆ ಒದಗಿದರೆ ಸಾಲದು, ನಿಷ್ಪ್ರತೀಕಾರವಾಗಿರಬೇಕು, ಅಂದರೆ ಯಾವ ಪರಿಹಾರಕ್ಕೂ ಬಗ್ಗದಂಥವಾಗಿರಬೇಕು. ಈ ವಿಶೇಷಣವನ್ನು ಬರೆದ ಆಚಾರ್ಯರ ಬದುಕಿನಲ್ಲಿಯೇ ಅದರ ಪರೀಕ್ಷೆ ನಡೆಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಎಷ್ಟು ಉಂಡರೂ ಹಸಿವು ಅಡಗದ ಭಸ್ಮಕವ್ಯಾಧಿ ಅವರನ್ನು ಕಾಡಿತು; ಮುನಿಧರ್ಮವನ್ನು ಪಾಲಿಸಲಾಗದೆ ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಕೆಲಕಾಲ ಬದಿಗಿಟ್ಟಾದರೂ ರೋಗವನ್ನು ಕಳೆದುಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ರೋಗ ಘೋರವಾಗಿತ್ತು, ಆದರೆ ಅದಕ್ಕೆ ಪ್ರತೀಕಾರವಿತ್ತು.

ಹಾಗಾದರೆ ಪ್ರತೀಕಾರವಿಲ್ಲದ ರೋಗ ಯಾವುದು? ಈ ಗೆರೆ ಶಾಸ್ತ್ರದಲ್ಲಿ ಸ್ಥಿರವಾಗಿದೆ. ಲೋಕದಲ್ಲಿ ಮಾತ್ರ ಅದು ಸರಿಯುತ್ತಲೇ ಬಂದಿದೆ. ಹೇಗೆ ಸರಿಯಿತೆಂಬುದನ್ನು ಕಾಣಲು ನಮಗೆ ದೂರದ ಉದಾಹರಣೆ ಬೇಕಿಲ್ಲ. ಕೋಲಾರದ ಚಿನ್ನದ ಗಣಿಯೇ ಸಾಕು.

ಕೋಲಾರ ನಮಗೆ ಹೊಸ ನೆಲವಲ್ಲ. ಕುವಲಾಲಪುರವೆಂಬ ಹೆಸರಿನಲ್ಲಿ ಅದು ಗಂಗರ ಮೊದಲ ರಾಜಧಾನಿಯಾಗಿತ್ತು; ದಡಿಗ ಮಾಧವರಿಗೆ ರಾಜ್ಯ ಕಟ್ಟಿಕೊಳ್ಳಲು ಸಿಂಹನಂದ್ಯಾಚಾರ್ಯರು ಮಾರ್ಗದರ್ಶಕರಾದರೆಂದು ನಂತರದ ಶಾಸನಗಳು ಸ್ಮರಿಸುತ್ತವೆ. ಆದರೆ ಈಗಿನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳು ಬೆಳೆದದ್ದು ಚಿನ್ನದಿಂದ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಕಂಪನಿ ಇಲ್ಲಿಯ ಗಣಿಗಳ ಆಡಳಿತಕ್ಕೆ ಬಂದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಒಂದೊಂದಾಗಿ ಏರುಗತಿ ಕಂಡವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ಬಂದದ್ದು ಈ ಗಣಿಗಳಿಗೆ. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುದಾರಿಯಾಯಿತು. ಪೇಟೆಬೀದಿಗಳಲ್ಲಿ ಜವಳಿ, ಕಿರಾಣಿ, ಲೇವಾದೇವಿ, ಚಿನ್ನಬೆಳ್ಳಿಯ ಅಂಗಡಿಗಳನ್ನಿಟ್ಟ ಜೈನ ಕುಟುಂಬಗಳು ಈ ಬೆಳವಣಿಗೆಯೊಡನೆ ನೆಲೆಯೂರಿದವು. ಗಣಿಯ ಸಂಬಳದ ದಿನವೇ ಪೇಟೆಯ ವ್ಯಾಪಾರದ ದಿನ. ಭೂಮಿಯ ಒಳಗೆ ಇಳಿದವರು ಬಹುತೇಕ ಉತ್ತರ ಆರ್ಕಾಟಿನ ಕಡೆಯಿಂದ ಬಂದ ಬಡ ತಮಿಳರು, ಅವರಲ್ಲಿಯೂ ಹೆಚ್ಚಿನವರು ದಲಿತರು. ಅವರ ದುಡಿಮೆಯ ಒಂದು ಪಾಲು ನಮ್ಮ ಗಲ್ಲಾಪೆಟ್ಟಿಗೆಗೆ ಬಂದಿತೆಂಬುದನ್ನು ಮರೆತು ಈ ಚರಿತ್ರೆಯನ್ನು ಬರೆಯುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ.

ಆ ದುಡಿಮೆಯ ಬೆಲೆ ಶ್ವಾಸಕೋಶದಲ್ಲಿ ಬರೆಯಲ್ಪಟ್ಟಿತು. ಚಿನ್ನವಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲೆಂದರೆ ಸಿಲಿಕ. ಅದನ್ನು ಯಂತ್ರದಿಂದ ಕೊರೆದಾಗ, ಸಿಡಿಮದ್ದಿನಿಂದ ಒಡೆದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಉಸಿರಿನೊಡನೆ ಶ್ವಾಸಕೋಶದ ಕೊನೆಯ ಗೂಡುಗಳನ್ನು ಸೇರಿ ಅಲ್ಲಿಯೇ ನಿಲ್ಲುತ್ತದೆ. ಸುತ್ತಲಿನ ಮೃದು ಅಂಗಾಂಶವು ನಾರುಗಟ್ಟಿ ಗಂಟುಗಂಟಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವು ಭಾರತದಲ್ಲಿ ಮೊದಲು ವರದಿಯಾದದ್ದೇ ಕೋಲಾರದ ಗಣಿಗಳಿಂದ, ೧೯೩೪ರಲ್ಲಿ. ೧೯೪೦ರಿಂದ ೧೯೪೬ರವರೆಗೆ ಇಲ್ಲಿ ೭,೬೫೩ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ೪೪ ಜನರಲ್ಲಿ ಅದು ಕಂಡುಬಂದಿತು. ಕೊರೆಯುವಾಗ ನೀರು ಹಾಯಿಸುವುದು, ಗಾಳಿಯಾಡಿಸುವುದು ಮುಂತಾದ ಕ್ರಮಗಳಿಂದ ಧೂಳು ಕಡಿಮೆಯಾಯಿತು. ಆದರೆ ಒಮ್ಮೆ ಒಳಹೊಕ್ಕ ಧೂಳು ಹೊರಬರುವುದಿಲ್ಲ. ಗಣಿಯ ಕೆಲಸ ಬಿಟ್ಟ ಮೇಲೂ ರೋಗವು ವರ್ಷಗಟ್ಟಲೆ ಮುಂದುವರಿಯುತ್ತದೆ, ಕ್ಷಯರೋಗವನ್ನು ಕರೆದು ತನ್ನ ಜೊತೆಗೆ ಕೂರಿಸಿಕೊಳ್ಳುತ್ತದೆ, ಕೊನೆಗೆ ಗಟ್ಟಿಯಾದ ಶ್ವಾಸಕೋಶಕ್ಕೆ ರಕ್ತವನ್ನು ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುತ್ತದೆ.

ಇಂಥ ಒಬ್ಬ ಗಣಿಕಾರ್ಮಿಕನಿಗೆ ಹರ್ನಿಯಾ ಬಿಗಿದುಕೊಂಡಿತೆನ್ನೋಣ, ಅಥವಾ ಬಂಡೆ ಸಿಡಿದು ಕಾಲು ನುಜ್ಜುಗುಜ್ಜಾಯಿತೆನ್ನೋಣ. ಕೋಲಾರದ ಗಣಿಗಳಲ್ಲಿ ಬಂಡೆ ಸಿಡಿತವು ಅಪರೂಪದ ಸಂಗತಿಯಾಗಿರಲಿಲ್ಲ. ಚಾಂಪಿಯನ್ ರೀಫ್ ಗಣಿ ೩,೦೦೦ ಮೀಟರಿಗೂ ಆಳಕ್ಕೆ ಇಳಿದಂತೆ ಬಂಡೆಯ ಒಳಒತ್ತಡ ಹೆಚ್ಚಿ, ಗೋಡೆಗಳು ಗುಂಡು ಹಾರಿದಂತೆ ಸಿಡಿಯುತ್ತಿದ್ದವು. ೧೯೮೮ರಲ್ಲಿ ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆಯು ಕೆ.ಜಿ.ಎಫ್.ನಲ್ಲಿಯೇ ಸ್ಥಾಪನೆಗೊಂಡದ್ದಕ್ಕೆ ಈ ಹಿನ್ನೆಲೆಯೂ ಉಂಟು. ಗಾಯಗೊಂಡವನನ್ನು ಮೇಲಕ್ಕೆ ತಂದು ಮೇಜಿನ ಮೇಲೆ ಮಲಗಿಸಿದಾಗ ಶಸ್ತ್ರವೈದ್ಯರ ಮುಂದೆ ಇರುತ್ತಿದ್ದ ಪ್ರಶ್ನೆ ನಮ್ಮ ಮನೆಗಳ ಇಂದಿನ ಪ್ರಶ್ನೆಯೇ: ಈ ಉಸಿರು ಅರಿವಳಿಕೆಯನ್ನು ತಡೆದೀತೇ?

ಅರಿವಳಿಕೆ ಎಂದರೇನೆಂಬುದನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದು ಸುಲಭ. ಸಂಸಾರೀ ಜೀವಕ್ಕೆ ಹತ್ತು ಪ್ರಾಣಗಳು: ಐದು ಇಂದ್ರಿಯಗಳು, ಮನ ವಚನ ಕಾಯಗಳೆಂಬ ಮೂರು ಬಲಗಳು, ಶ್ವಾಸೋಚ್ಛ್ವಾಸ ಮತ್ತು ಆಯು. ಅರಿವಳಿಕೆಯು ಮೊದಲಿನ ಎಂಟನ್ನು ಕೆಲಹೊತ್ತು ಅಡಗಿಸುತ್ತದೆ. ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಟ್ಟರೆ ಒಂಬತ್ತನೆಯದಾದ ಉಸಿರು ಸಹ ರೋಗಿಯ ಕೈಬಿಟ್ಟು ವೈದ್ಯನ ಕೈಗೆ ಬರುತ್ತದೆ. ಇದನ್ನು ನಿದ್ರೆಯೆಂದು ಕರೆಯುವುದು ರೋಗಿಯ ಸಮಾಧಾನಕ್ಕಾಗಿ ಮಾತ್ರ. ಮಲಗಿದವನನ್ನು ತಟ್ಟಿ ಎಬ್ಬಿಸಬಹುದು, ಇವನನ್ನು ಎಬ್ಬಿಸಲಾಗದು.

ಈ ವಿದ್ಯೆಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ೧೮೪೬ರ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಹಬೆಯನ್ನು ಎಲ್ಲರೆದುರು ಪ್ರಯೋಗಿಸಿ ತೋರಿಸಿದ. ಮರುವರ್ಷ ಮಾರ್ಚ್ ೨೨ರಂದೇ ಕಲ್ಕತ್ತೆಯಲ್ಲಿ ಅದರ ಪ್ರಯೋಗವಾಯಿತು. ೧೮೪೭ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದ. ಮೂರು ತಿಂಗಳು ಕಳೆಯುವಷ್ಟರಲ್ಲಿ, ೧೮೪೮ರ ಜನವರಿ ೨೮ರಂದು, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಬಂದಿದ್ದ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿ ಇಂಗ್ಲೆಂಡಿನಲ್ಲಿ ಕ್ಲೋರೋಫಾರ್ಮಿನಿಂದ ಸತ್ತಳು. ಶಸ್ತ್ರದಿಂದಲ್ಲದೆ ಅರಿವಳಿಕೆಯಿಂದಲೇ ಮನುಷ್ಯರು ಸಾಯಬಹುದೆಂದು ಲೋಕಕ್ಕೆ ತಿಳಿಯಿತು.

ಹೇಗೆ ಸಾಯುತ್ತಾರೆ, ಉಸಿರು ನಿಂತೋ ಹೃದಯ ನಿಂತೋ? ಈ ವಿವಾದವನ್ನು ಬಗೆಹರಿಸಹೊರಟದ್ದು ನಮ್ಮ ನೆರೆಯ ಹೈದರಾಬಾದು. ನಿಜಾಮರ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ೧೮೮೮ ಮತ್ತು ೧೮೮೯ರಲ್ಲಿ, ನಿಜಾಮ ಮೆಹಬೂಬ್ ಅಲಿ ಖಾನರ ಹಣದ ನೆರವಿನಿಂದ, ಎರಡು ಆಯೋಗಗಳನ್ನು ನಡೆಸಿದ. ಉಸಿರನ್ನು ಕಾಯ್ದರೆ ಸಾಕು, ಕ್ಲೋರೋಫಾರ್ಮು ನೇರವಾಗಿ ಹೃದಯವನ್ನು ನಿಲ್ಲಿಸದು ಎಂದು ಆಯೋಗ ತೀರ್ಮಾನಿಸಿತು. ಅದಕ್ಕಾಗಿ ನೂರಾರು ನಾಯಿಗಳನ್ನೂ ಕೋತಿಗಳನ್ನೂ ಕೊಲ್ಲಲಾಯಿತು. ೧೯೧೧ರಲ್ಲಿ ಲೆವಿ ಎಂಬ ವೈದ್ಯನು, ಕ್ಲೋರೋಫಾರ್ಮು ಹೃದಯದ ಬಡಿತವನ್ನು ಕೆಡಿಸಿ ಕ್ಷಣದಲ್ಲಿ ಕೊಲ್ಲಬಲ್ಲದೆಂದು ತೋರಿಸಿದಾಗ ಆ ತೀರ್ಮಾನದ ಅರ್ಧಭಾಗ ಬಿದ್ದುಹೋಯಿತು. ಅಷ್ಟು ಮೂಕಪ್ರಾಣಿಗಳ ಬಲಿಯ ಮೇಲೆ ನಿಂತ ಜ್ಞಾನವು ಅರ್ಧ ತಪ್ಪಾಗಿತ್ತು. ಆದರೂ ಅದರಲ್ಲಿ ಉಳಿದ ಅರ್ಧ, ಅಂದರೆ ಪ್ರತಿ ಉಸಿರನ್ನೂ ಕಣ್ಣಿಟ್ಟು ಕಾಯಬೇಕೆಂಬುದು, ಇಂದಿಗೂ ಪ್ರತಿಯೊಂದು ಶಸ್ತ್ರಕೊಠಡಿಯ ನಿಯಮವಾಗಿದೆ. ನಾವು ಈ ವಿದ್ಯೆಯ ಫಲವನ್ನು ಉಣ್ಣುತ್ತಿರುವವರು. ಅದರ ಬೇರಿನಲ್ಲಿರುವ ಹಿಂಸೆಯನ್ನು ಕಾಣದಂತೆ ನಟಿಸಲಾಗದು. ಅದಕ್ಕಾಗಿ ಫಲವನ್ನೇ ತಿರಸ್ಕರಿಸಿದರೆ ಸತ್ತ ಯಾವ ಪ್ರಾಣಿಯೂ ಹಿಂದಿರುಗುವುದಿಲ್ಲ.

ಮೊಫಸಿಲ್ ಆಸ್ಪತ್ರೆಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯೆಂದರೆ ಮುಖದ ಮೇಲೆ ಬಟ್ಟೆ ಸುತ್ತಿದ ತಂತಿಯ ಮುಸುಕನ್ನಿಟ್ಟು ಈಥರನ್ನೋ ಕ್ಲೋರೋಫಾರ್ಮನ್ನೋ ತೊಟ್ಟುತೊಟ್ಟಾಗಿ ಹನಿಸುವುದು. ಈಥರ್ ಹೃದಯಕ್ಕೆ ಸೌಮ್ಯ, ಆದರೆ ಶ್ವಾಸನಾಳವನ್ನು ಕೆರಳಿಸಿ ಕಫವನ್ನು ಉಕ್ಕಿಸುತ್ತದೆ. ಕ್ಲೋರೋಫಾರ್ಮು ನಾಳಕ್ಕೆ ಸೌಮ್ಯ, ಹೃದಯಕ್ಕೆ ಶತ್ರು. ಧೂಳು ತುಂಬಿದ ಶ್ವಾಸಕೋಶವೂ ಬಳಲಿದ ಹೃದಯವೂ ಒಂದೇ ಎದೆಯೊಳಗಿದ್ದವನಿಗೆ ಇವೆರಡರಲ್ಲಿ ಯಾವುದನ್ನು ಆರಿಸುವುದು? ೧೮೯೮ರಲ್ಲಿ ಜರ್ಮನಿಯ ಬೀರ್ ಎಂಬ ಶಸ್ತ್ರವೈದ್ಯ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧವನ್ನು ಚುಚ್ಚಿ ಸೊಂಟದ ಕೆಳಭಾಗವನ್ನಷ್ಟೇ ಮರಗಟ್ಟಿಸುವ ಕ್ರಮವನ್ನು ತೋರಿಸಿದ ಮೇಲೆ ಇಂಥ ರೋಗಿಗಳಿಗೆ ಮೂರನೆಯ ದಾರಿಯೊಂದು ತೆರೆಯಿತು. ಕಾಲಿನ, ಹರ್ನಿಯಾದ ಶಸ್ತ್ರಚಿಕಿತ್ಸೆಗಳಲ್ಲಿ ಆತ ತನ್ನ ಉಸಿರನ್ನು ತಾನೇ ಆಡಬಹುದಾಯಿತು.

ಅಪಾಯವು ಔಷಧದಲ್ಲಿ ಎಷ್ಟಿದೆಯೋ ರೋಗಿಯ ದೇಹಸ್ಥಿತಿಯಲ್ಲಿಯೂ ಅಷ್ಟೇ ಇದೆಯೆಂಬ ತಿಳಿವಳಿಕೆಗೆ ಒಂದು ರೂಪ ಬಂದದ್ದು ೧೯೪೧ರಲ್ಲಿ. ಅಮೆರಿಕದ ಅರಿವಳಿಕೆ ವೈದ್ಯರ ಸಂಘದ ಪರವಾಗಿ ಮೂವರು ವೈದ್ಯರು ಶಸ್ತ್ರಚಿಕಿತ್ಸೆಗೆ ಬರುವವರನ್ನು ದೇಹಸ್ಥಿತಿಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿದರು. ಅದೇ ಕ್ರಮ ಪರಿಷ್ಕಾರಗೊಂಡು ಇಂದಿಗೂ ಬಳಕೆಯಲ್ಲಿದೆ. ಬೇರೆ ಯಾವ ರೋಗವೂ ಇಲ್ಲದವನು ಒಂದನೆಯ ದರ್ಜೆ. ಹತೋಟಿಯಲ್ಲಿರುವ ಮಧುಮೇಹಿ ಎರಡನೆಯದು. ಓಡಾಟವನ್ನೇ ಕುಗ್ಗಿಸಿದ ಹೃದ್ರೋಗ, ಶ್ವಾಸರೋಗಗಳು ಮೂರನೆಯದು. ಸದಾ ಪ್ರಾಣಕ್ಕೆ ಎರವಾಗಿರುವ ರೋಗ ನಾಲ್ಕನೆಯದು. ಶಸ್ತ್ರಚಿಕಿತ್ಸೆಯಿಲ್ಲದೆ ಉಳಿಯನೆಂಬ ಸ್ಥಿತಿ ಐದನೆಯದು. ಆಸ್ಪತ್ರೆಯ ಕಾಗದದಲ್ಲಿ 'ಎ.ಎಸ್.ಎ. ೩' ಎಂದು ಬರೆದಿದ್ದರೆ ಅದರ ಅರ್ಥ ಇದು. ಉಮಾಸ್ವಾತಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಕ್ಕೆ ಬರುವ ಹಾನಿಯ ಜೊತೆಗೆ ಅದರ ಹಿಂದಿರುವ ಪ್ರಮಾದವನ್ನೂ ಸೇರಿಸಿದ್ದಾರೆ. ಹಾಗೆ ನೋಡಿದರೆ ರೋಗಿಯ ಎದೆಯನ್ನು ಪರೀಕ್ಷಿಸದೆ, ಅವನು ಎಂಥ ಕೆಲಸ ಮಾಡಿದವನೆಂದು ಕೇಳದೆ ಮುಸುಕು ಹಾಕುವ ಕೈಗೂ, ಎಲ್ಲವನ್ನೂ ತೂಗಿ ನೋಡಿ ಅದೇ ಮುಸುಕನ್ನು ಹಾಕುವ ಕೈಗೂ ಇರುವ ಅಂತರವು ನಮ್ಮ ಶಾಸ್ತ್ರಕ್ಕೆ ಅಪರಿಚಿತವಲ್ಲ.

ಗಣಿಯ ಶ್ವಾಸಕೋಶಕ್ಕೆ ನಿಜವಾದ ಗಂಡಾಂತರ ಬರುತ್ತಿದ್ದದ್ದು ಬಹುತೇಕ ಮೇಜಿನ ಮೇಲಲ್ಲ, ಎರಡು ಮೂರು ದಿನಗಳ ತರುವಾಯ. ಅಂಗಾತ ಮಲಗಿಸಿ ಅರಿವಳಿಕೆ ಕೊಟ್ಟಾಗ ವಪೆ ಮೇಲೇರಿ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯಬೇಕಾದ ಗಾಳಿ ಸುಮಾರು ಅರ್ಧ ಲೀಟರಿನಷ್ಟು ಕುಗ್ಗುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಗಾಯವಿದ್ದರೆ ನೋವಿಗೆ ಹೆದರಿ ರೋಗಿ ಕೆಮ್ಮುವುದಿಲ್ಲ. ಕಫ ಅಲ್ಲಿಯೇ ನಿಲ್ಲುತ್ತದೆ, ಗೂಡುಗಳು ಮುಚ್ಚಿಕೊಳ್ಳುತ್ತವೆ, ನ್ಯುಮೋನಿಯಾ ಬರುತ್ತದೆ. ನುಜ್ಜಾದ ಕಾಲಿನವನಲ್ಲಿ ಸತ್ತ ಸ್ನಾಯುವಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕಟ್ಟಿಹಾಕುತ್ತದೆಂಬುದು ೧೯೪೧ರಲ್ಲಿ, ಲಂಡನ್ನಿನ ಬಾಂಬುದಾಳಿಯಲ್ಲಿ ಕಟ್ಟಡಗಳಡಿ ಸಿಲುಕಿದವರನ್ನು ನೋಡಿಕೊಂಡ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರಿಂದ ಸ್ಪಷ್ಟವಾಯಿತು. ಶಸ್ತ್ರಚಿಕಿತ್ಸೆ ಯಶಸ್ವಿ, ಆದರೆ ರೋಗಿ ಉಳಿಯಲಿಲ್ಲವೆಂದು ಹಳಬರು ಕುಹಕವಾಡುತ್ತಿದ್ದುದರ ಹಿಂದೆ ಈ ಮೂರು ದಿನಗಳ ಕಥೆಯಿದೆ.

ಆ ಮೂರು ದಿನಗಳನ್ನು ದಾಟಿಸುವ ಉಪಾಯ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯಿಂದಲ್ಲ, ಪೋಲಿಯೋ ಪಿಡುಗಿನಿಂದ. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಸಾಲುಸಾಲಾಗಿ ಆಸ್ಪತ್ರೆಗೆ ಬಂದರು. ಯಂತ್ರಗಳು ಬೆರಳೆಣಿಕೆಯಷ್ಟು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ, ಶಸ್ತ್ರಕೊಠಡಿಯಲ್ಲಿ ತಾನು ನಿತ್ಯ ಮಾಡುವುದನ್ನೇ ವಾರ್ಡಿನಲ್ಲಿಯೂ ಮಾಡಬಹುದೆಂದು ಯೋಚಿಸಿ, ಕೊರಳಿನಲ್ಲಿ ರಂಧ್ರ ಮಾಡಿ ಕೊಳವೆಯಿಟ್ಟು ರಬ್ಬರಿನ ಚೀಲದಿಂದ ಗಾಳಿಯನ್ನು ಒತ್ತಿಸಿದ. ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಕುಳಿತು ಕೈಯಿಂದಲೇ ಆ ಚೀಲಗಳನ್ನು ಒತ್ತಿದರು. ಸಾಯುವವರೆಂದುಕೊಂಡಿದ್ದ ಬಹುಜನರು ಉಳಿದರು. ಮರುವರ್ಷದ ಡಿಸೆಂಬರಿನಲ್ಲಿ ಇಬ್ಸೆನ್ ತೆರೆದ ವಾರ್ಡೇ ಇಂದಿನ ತೀವ್ರನಿಗಾ ಘಟಕದ ಮೂಲವೆನ್ನುತ್ತಾರೆ. ಯಂತ್ರಗಳಿಂದಲೇ ತುಂಬಿದ ಈಗಿನ ಐ.ಸಿ.ಯು.ವನ್ನು ಕಂಡು ಬೆದರುವವರು, ಅದು ಹುಟ್ಟಿದ್ದು ಮಕ್ಕಳ ಕೈಗಳಿಂದ ಎಂಬುದನ್ನು ನೆನೆಯಬಹುದು. ಜಪಾನಿನ ಅಓಯಾಗಿ ೧೯೭೪ರಲ್ಲಿ ರೂಪಿಸಿದ ಪಲ್ಸ್ ಆಕ್ಸಿಮೀಟರ್, ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆ ಬೆರಳಿನ ಚಿಮಟ, ಉಸಿರಿನ ಕಾವಲಿಗೆ ಮತ್ತೊಂದು ಕಣ್ಣನ್ನು ಕೊಟ್ಟಿತು.

ಹೀಗೆ ಗೆರೆ ಸರಿಯುತ್ತ ಬಂದಿತು. ೧೯೧೦ರಲ್ಲಿ ಕರುಳು ಸಿಕ್ಕಿಕೊಂಡ ಧೂಳುರೋಗಿಯ ಸ್ಥಿತಿ ನಿಷ್ಪ್ರತೀಕಾರವೆಂದು ಯಾರಾದರೂ ಹೇಳಿದ್ದರೆ ಅದನ್ನು ಒಪ್ಪಬಹುದಿತ್ತು. ೧೯೮೦ರಲ್ಲಿ ಅದೇ ಮಾತು ಅಜ್ಞಾನವಾಗುತ್ತಿತ್ತು.

ಇಲ್ಲಿಯವರೆಗೆ ಗಣಿಯವನ ಕಥೆಯಾಯಿತು. ಮಳಿಗೆಯಲ್ಲಿ ಕುಳಿತ ನಮ್ಮವರ ದೇಹದಲ್ಲಿ ಧೂಳಿಲ್ಲದಿದ್ದರೂ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ಕೊರತೆಯಿಲ್ಲ. ಅದರ ಜೊತೆಗೆ ನಮ್ಮ ವ್ರತಾಚರಣೆಗೆ ಸಂಬಂಧಿಸಿದ, ಅರಿವಳಿಕೆ ತಜ್ಞರು ಕೇಳದಿದ್ದರೆ ನಾವೇ ಹೇಳಬೇಕಾದ ಕೆಲವು ವಿಷಯಗಳಿವೆ. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಹಿರಿಯರಿಗೆ ಮರುದಿನ ಮಧ್ಯಾಹ್ನ ಶಸ್ತ್ರಚಿಕಿತ್ಸೆಯಿದ್ದರೆ ಅವರು ಹದಿನೆಂಟು ಗಂಟೆ ನಿರ್ಜಲರಾಗಿ ಮೇಜಿಗೆ ಬರುತ್ತಾರೆ. ಸೊರಗಿದ ಮೂತ್ರಪಿಂಡಕ್ಕೆ, ಬಿಗಿದ ರಕ್ತನಾಳಕ್ಕೆ ಇದು ಒಳ್ಳೆಯದಲ್ಲ. ಘನಾಹಾರವನ್ನು ಆರು ಗಂಟೆಗೂ ಹೆಚ್ಚು ಮೊದಲೇ ನಿಲ್ಲಿಸಬೇಕು ನಿಜ. ಆದರೆ ತಿಳಿನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದೆಂಬುದು ೧೯೯೯ರಿಂದೀಚೆಗೆ ಅಂಗೀಕೃತ ನಿಯಮ. ಸೂರ್ಯೋದಯದ ನಂತರ ಕಾಯಿಸಿ ಆರಿಸಿದ ನೀರನ್ನು ಕುಡಿಯಲು ವ್ರತವೂ ಅಡ್ಡಬರುವುದಿಲ್ಲ, ವೈದ್ಯವೂ ಅಡ್ಡಬರುವುದಿಲ್ಲ. ಶಸ್ತ್ರಚಿಕಿತ್ಸೆಯನ್ನು ಯಾವ ಹೊತ್ತಿಗೆ ಇಟ್ಟಿದ್ದಾರೆಂದು ಕೇಳಿಕೊಂಡರೆ ಸಾಕು. ಅಠಾಯಿ ಮುಂತಾದ ದೀರ್ಘ ಉಪವಾಸದ ಪಾರಣೆಯಾಗಿ ವಾರವೂ ಕಳೆಯದವರು ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಲೇಸು. ಮುಂದೂಡಲಾಗದಿದ್ದರೆ ಉಪವಾಸದ ವಿಷಯವನ್ನು ಮುಚ್ಚಿಡಬಾರದು. ಮಧುಮೇಹದ ಗುಳಿಗೆ ನುಂಗುತ್ತ ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿಯುವ ಎಷ್ಟೋ ತಾಯಂದಿರು ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ, ಬೈದಾರೆಂಬ ಭಯ.

ಔಷಧಗಳ ಮೂಲದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ರಕ್ತ ಹೆಪ್ಪುಗಟ್ಟದಂತೆ ತೀವ್ರನಿಗಾ ಘಟಕದಲ್ಲಿ ದಿನನಿತ್ಯ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ತೆಗೆದದ್ದು. ರಕ್ತದೊತ್ತಡ ಏರಿಸಲು ಹಾಯಿಸುವ ಕೆಲವು ದ್ರವಗಳಲ್ಲಿ ಪ್ರಾಣಿಜನ್ಯ ಜಿಲಾಟಿನ್ ಇರುತ್ತದೆ. ಇಂದು ಎಲ್ಲೆಡೆ ಬಳಸುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೋಫಾಲ್ ಎಂಬ ಅರಿವಳಿಕೆ ಮದ್ದು ಸೋಯಾ ಎಣ್ಣೆ ಮತ್ತು ಮೊಟ್ಟೆಯ ಹಳದಿಯ ಕೊಬ್ಬಿನಂಶದಲ್ಲಿ ಕದಡಿದ್ದು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವನ್ನು ರಚಿಸಿ, ಔಷಧದಲ್ಲಿ ಮಾಂಸ ಅನಗತ್ಯವೆಂದು ನೃಪತುಂಗ ಅಮೋಘವರ್ಷನ ಸಭೆಯಲ್ಲಿ ವಾದಿಸಿದ ಸಂಗತಿಯನ್ನು ಆ ಗ್ರಂಥವೇ ತಿಳಿಸುತ್ತದೆ. ಆಚಾರ್ಯರ ಕ್ರಮವನ್ನು ಗಮನಿಸಬೇಕು: ಮಾಂಸವನ್ನು ಬಿಡೆಂದು ಹೇಳಿ ರೋಗಿಯನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ, ಅದಕ್ಕೆ ಬದಲಾಗಿ ಬೇರೆ ಔಷಧಗಳ ಒಂದು ಗ್ರಂಥವನ್ನೇ ಕೊಟ್ಟರು. ನಾವೂ ಅದೇ ಕ್ರಮದಲ್ಲಿ ಕೇಳಬಹುದು. ಜಿಲಾಟಿನ್ ದ್ರವಕ್ಕೆ ಬದಲು ಲವಣದ್ರವಗಳಿವೆ. ಹೆಪಾರಿನ್ನಿಗೆ ಬದಲಾಗಿ, ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ, ಸಂಪೂರ್ಣ ಕೃತಕವಾದ ಫೊಂಡಾಪರಿನಕ್ಸ್ ಉಂಟು. ಮೂತ್ರಪಿಂಡ ಸೋತವರಿಗೆ ಅದು ಆಗದು. ಯೋಜಿತ ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿದರೆ ವೈದ್ಯರು ಸಿಡಿಮಿಡಿಗೊಳ್ಳುವುದಿಲ್ಲ. ಪ್ರಾಣ ಹೋಗುವ ಹೊತ್ತಿನಲ್ಲಿ ಬಾಗಿಲ ಬಳಿ ನಿಂತು ಕೇಳುವುದು ಬೇರೆ ಮಾತು. ಆಗ ಗೃಹಸ್ಥನು ಸಿಕ್ಕ ಔಷಧವನ್ನು ಸ್ವೀಕರಿಸಿ, ಅನಂತರ ಗುರುಗಳ ಬಳಿ ಪ್ರಾಯಶ್ಚಿತ್ತ ಕೇಳುವುದೇ ಸರಿಯೆಂದು ನನ್ನ ಅಭಿಪ್ರಾಯ. ಭಿನ್ನಾಭಿಪ್ರಾಯವಿರುವ ವಿದ್ವಾಂಸರು ಈ ಪುಟಗಳಲ್ಲಿಯೇ ಬರೆಯಲಿ.

ಇನ್ನೊಂದು ನಂಬಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. "ಬೆನ್ನಿಗೆ ಚುಚ್ಚಿದರೆ ಅಪಾಯವಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಅಪಾಯ" ಎಂದು ಸೊಂಟದ ಮೂಳೆ ಮುರಿದ ಹಿರಿಯರ ಮನೆಯವರು ಹಟ ಹಿಡಿಯುವುದುಂಟು. ಅಮೆರಿಕ ಮತ್ತು ಕೆನಡಾದ ೪೬ ಆಸ್ಪತ್ರೆಗಳಲ್ಲಿ ಇಂಥ ೧,೬೦೦ ರೋಗಿಗಳ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ತಿಂಗಳ ಹೊತ್ತಿಗೆ ಸಾವಿನಲ್ಲಾಗಲಿ ನಡೆದಾಡುವ ಶಕ್ತಿಯಲ್ಲಾಗಲಿ ಎರಡೂ ಕ್ರಮಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆಯ್ಕೆಯನ್ನು ಎದೆಯ ಸ್ಥಿತಿ ನೋಡಿದ ತಜ್ಞರಿಗೆ ಬಿಡುವುದು ಕ್ಷೇಮ. ಮನೆಯವರು ಮಾಡಬಹುದಾದದ್ದು ಬೇರೆ ಇದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗೆ ಮೊದಲು ಅರ್ಧ ಗಂಟೆ ಕುಳ್ಳಿರಿಸಿ ಆಳವಾಗಿ ಉಸಿರೆಳೆಯುವುದನ್ನೂ ಕೆಮ್ಮುವುದನ್ನೂ ಕಲಿಸಿದ್ದರಿಂದಲೇ ಅನಂತರದ ಶ್ವಾಸಕೋಶದ ತೊಂದರೆಗಳು ಅರ್ಧಕ್ಕೆ ಇಳ</br>ಿದವು. ಕಾಯೋತ್ಸರ್ಗದಲ್ಲಿ ಉಸಿರನ್ನು ಎಣಿಸಿ ಅಭ್ಯಾಸವಿರುವ ನಮ್ಮ ಹಿರಿಯರಿಗೆ ಇದನ್ನು ಕಲಿಸುವುದು ಕಷ್ಟವಾಗದು.

ಮತ್ತೆ ಮೊದಲಿನ ಮಾತಿಗೆ ಬರೋಣ. ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ರಾಜಸ್ಥಾನ ಉಚ್ಚ ನ್ಯಾಯಾಲಯ ೨೦೧೫ರ ಆಗಸ್ಟ್ ೧೦ರಂದು ತೀರ್ಪಿತ್ತಾಗ ಸಮಾಜ ಬೀದಿಗಿಳಿಯಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆಗ ನಾವೆಲ್ಲರೂ ಒಕ್ಕೊರಲಿನಿಂದ ಹೇಳಿದ್ದು, ಸಲ್ಲೇಖನವು ರೋಗದ ಕಾಟಕ್ಕೆ ಬೇಸತ್ತು ಪ್ರಾಣ ಬಿಡುವ ಉಪಾಯವಲ್ಲ, ಕಷಾಯಗಳನ್ನು ಕೃಶಗೊಳಿಸುತ್ತ ಎಚ್ಚರದಲ್ಲಿ ಕೈಗೊಳ್ಳುವ ವ್ರತ ಎಂದು. ಆ ಮಾತಿಗೆ ನಾವು ಬದ್ಧರಾಗಿದ್ದರೆ, ಆಸ್ಪತ್ರೆಯ ವೆಚ್ಚಕ್ಕೆ ಅಂಜಿಯೋ, ಐ.ಸಿ.ಯು. ಬಾಗಿಲಲ್ಲಿ ಕಾಯಲು ಜನವಿಲ್ಲದೆಯೋ, ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾದ ತಂದೆತಾಯಿಗಳ ಮುಂದೆ ಸಲ್ಲೇಖನದ ಹೆಸರೆತ್ತಬಾರದು. ಪ್ರಜ್ಞೆಯಿಲ್ಲದವರ ಪರವಾಗಿ ಬೇರೆಯವರು ಆ ವ್ರತವನ್ನು ಹಿಡಿಯಲಂತೂ ಬಾರದು.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ. ಮೇಜಿನಿಂದ ಎದ್ದುಬರಲಾರದೆ, ಶ್ವಾಸಕೋಶ, ಹೃದಯ, ಮೂತ್ರಪಿಂಡಗಳು ಒಂದಾದ ಮೇಲೊಂದು ಸೋತು, ಯಂತ್ರವೊಂದೇ ಗಾಳಿಯನ್ನು ತಳ್ಳುತ್ತಿರುವ ಸ್ಥಿತಿಯೂ ಇದೆ. ಅಲ್ಲಿ ಪ್ರತೀಕಾರ ಮುಗಿದಿದೆ. ವೆಂಟಿಲೇಟರನ್ನು ತೆಗೆದರೆ ನಾವೇ ಕೊಂದಂತಾಗುವುದೆಂದು ಮಕ್ಕಳು ನಡುಗುತ್ತಾರೆ. ವಾರಗಟ್ಟಲೆ ಯಾರೂ ಬಾಯಿಬಿಡುವುದಿಲ್ಲ. ಗುಣವಾಗಲಾರದ ಸ್ಥಿತಿಯಲ್ಲಿ ಇಂಥ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದೂ, ಪ್ರಜ್ಞೆಯಿರುವಾಗಲೇ ತನ್ನ ಇಚ್ಛೆಯನ್ನು ಬರೆದಿಡಬಹುದೆಂದೂ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ೨೦೧೮ರ ಮಾರ್ಚ್ ೯ರಂದು ಹೇಳಿತು. ೨೦೨೩ರ ಜನವರಿಯಲ್ಲಿ ಆ ಕ್ರಮವನ್ನು ಸರಳಗೊಳಿಸಲಾಯಿತು: ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು, ಆಸ್ಪತ್ರೆಯಲ್ಲಿ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಸ್ಥಿತಿಯನ್ನು ಪರಿಶೀಲಿಸಬೇಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರವು ೨೦೨೫ರ ಜನವರಿಯ ಕೊನೆಯಲ್ಲಿ ಸುತ್ತೋಲೆ ಹೊರಡಿಸಿತು. ಹೀಗೆ ಚಿಕಿತ್ಸೆ ನಿಲ್ಲಿಸುವುದನ್ನು ಸಲ್ಲೇಖನವೆಂದು ಕರೆದು ಕೊಂಡಾಡುವುದೂ ತಪ್ಪು, ಕೊಲೆಯೆಂದು ಕರೆದು ಮಕ್ಕಳನ್ನು ಹಿಂಸಿಸುವುದೂ ತಪ್ಪು. ಶಸ್ತ್ರಚಿಕಿತ್ಸೆಗೆ ಮೊದಲೇ, ಹಿರಿಯರ ಎದುರಿನಲ್ಲಿಯೇ, "ಹೀಗಾದರೆ ನಿಮ್ಮ ಇಚ್ಛೆ ಏನು?" ಎಂದು ಕೇಳಿ ಬರೆದಿಟ್ಟುಕೊಳ್ಳುವ ಧೈರ್ಯ ನಮ್ಮ ಮನೆಗಳಿಗೆ ಬರಬೇಕು.

ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಗಣಿಯ ದೊಡ್ಡ ಆಸ್ಪತ್ರೆಯೂ ಅದರೊಡನೆ ಬಾಗಿಲು ಹಾಕಿತು. ಕೆ.ಜಿ.ಎಫ್.ನ ಮಕ್ಕಳು ಮುಂಜಾನೆಯ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ರೋಗಿಗಳೂ ಅದೇ ರೈಲು ಹಿಡಿದರು, ಇಲ್ಲವೇ ಕೋಲಾರದ ಆಸ್ಪತ್ರೆಗಳಿಗೆ ಹೋದರು. ೨೦೨೧ರ ಕೋವಿಡ್ ಎರಡನೆಯ ಅಲೆಯಲ್ಲಿ, ಇಪ್ಪತ್ತು ವರ್ಷ ಹಾಳುಬಿದ್ದಿದ್ದ ಆ ಗಣಿ ಆಸ್ಪತ್ರೆಯನ್ನು ಸ್ವಯಂಸೇವಕರು ಗುಡಿಸಿ ತೊಳೆದು ಮತ್ತೆ ರೋಗಿಗಳಿಗಾಗಿ ಸಿದ್ಧಗೊಳಿಸಿದರು. ಊರ ಅಂಚಿನಲ್ಲಿ ಮೂರು ಕೋಟಿ ಟನ್ನಿಗೂ ಮೀರಿದ ಸಯನೈಡ್ ದಿಬ್ಬಗಳಿಂದ ಗಾಳಿಗೆ ಈಗಲೂ ಧೂಳೇಳುತ್ತದೆ. ಗಣಿ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಹರ್ನಿಯಾ, ಪ್ರಾಸ್ಟೇಟ್, ಪಿತ್ತಕೋಶ, ಮುರಿದ ಸೊಂಟ ಎಂದು ಅವರು ಶಸ್ತ್ರಕೊಠಡಿಗೆ ಹೋಗುವ ಕಾಲವಿದು.

ನಮ್ಮ ಬಸದಿ, ಮಂದಿರಗಳ ಟ್ರಸ್ಟುಗಳು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನದ ಪರಂಪರೆಯನ್ನು ಹೇಳಿಕೊಳ್ಳುತ್ತವೆ. ಔಷಧದಾನವೆಂದರೆ ವರ್ಷಕ್ಕೊಂದು ಕಣ್ಣಿನ ಶಿಬಿರವೆಂಬ ಅಭ್ಯಾಸವಾಗಿಬಿಟ್ಟಿದೆ, ಅದೂ ಒಳ್ಳೆಯದೇ. ಆದರೆ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಹಳೆಯ ಗಣಿಕಾರ್ಮಿಕನಿಗೆ ಎದೆಯ ಎಕ್ಸ್‌ರೇ, ಶ್ವಾಸಸಾಮರ್ಥ್ಯದ ಪರೀಕ್ಷೆ, ಕಫದ ಪರೀಕ್ಷೆಗಳ ವೆಚ್ಚವನ್ನು ಒಂದು ಟ್ರಸ್ಟು ವಹಿಸಿಕೊಂಡರೆ ಅದು ದೊಡ್ಡ ಮೊತ್ತವೇನೂ ಆಗದು. ಅವನ ಜೊತೆಯಲ್ಲಿ ಒಂದು ಚೀಟಿಯೂ ಹೋಗಲಿ: ಯಾವ ಗಣಿಯಲ್ಲಿ, ಎಷ್ಟು ವರ್ಷ, ಕೊರೆಯುವ ಕೆಲಸವೋ ಮೇಲಿನ ಕೆಲಸವೋ, ಹಿಂದೆ ಕ್ಷಯವಾಗಿತ್ತೋ, ಎಷ್ಟು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ. ಬೆಂಗಳೂರಿನ ಯುವ ಅರಿವಳಿಕೆ ತಜ್ಞರಿಗೆ ಮಾರಿಕುಪ್ಪಂ ಎಲ್ಲಿದೆಯೆಂದು ತಿಳಿದಿರಬೇಕಿಲ್ಲ; ಆ ಚೀಟಿ ಅವರಿಗೆ ತಿಳಿಸುತ್ತದೆ.